ಎರಡು ಒಡಲಿನ ಬೋಟು ಮಗುಚೋದಿಲ್ಲವೇ?

'ಇದು ಕಟಮರಾನ್ ಸ್ವಾಮಿ, ಮಗುಚೋ ಮಾತೇ ಇಲ್ಲ, ಹತ್ತಿ!' ಜೆಟ್ಟಿಯಲ್ಲಿ ಯಾರಾದರೂ ಹೀಗಂದರೆ ಓದುಗರು ಒಂದು ಗಳಿಗೆ ನಿಲ್ಲಬೇಕು.

ಹೆಸರು ಬಂದದ್ದು ತಮಿಳಿನ ಕಟ್ಟುಮರದಿಂದ. ಅದು ದಿಮ್ಮಿಗಳನ್ನು ಸೇರಿಸಿ ಕಟ್ಟಿದ ತೆಪ್ಪ. ಇವತ್ತು ಆ ಹೆಸರಿನಲ್ಲಿ ಓಡೋದು, ಎರಡು ಒಡಲುಗಳನ್ನು ದೂರ ದೂರ ಇಟ್ಟು ನಡುವೆ ಅಟ್ಟ ಹಾಸಿದ ಬೋಟು. ಅಗಲ ಜಾಸ್ತಿ, ಆದ್ದರಿಂದ ವಾಲೋದು ಕಡಿಮೆ. ಕೈಯಲ್ಲಿನ ಚಾ ತುಳುಕೋದಿಲ್ಲ. ಮೋಸ ಇರೋದೂ ಅಲ್ಲೇ.

ಅಡಿಯಲ್ಲಿ ಭಾರ ಕಟ್ಟಿಕೊಂಡ ಒಂಟಿ ಒಡಲಿನ ಹಾಯಿದೋಣಿ ತಂಜಾವೂರು ಬೊಂಬೆಯ ಜಾತಿ. ವಾಲುತ್ತೆ, ಹೆದರಿಸುತ್ತೆ, ಮತ್ತೆ ಎದ್ದು ಕೂರುತ್ತೆ. ಕಟಮರಾನ್ ಮಂಚದ ಜಾತಿ. ನಾಲ್ಕು ಕಾಲಿನ ಮೇಲೆ ಗಟ್ಟಿ, ಕವುಚಿ ಬಿದ್ದರೆ ಹಾಗೂ ಅಷ್ಟೇ ಗಟ್ಟಿ! ತಾನಾಗಿ ಏಳೋದಿಲ್ಲ. ಗಾಳಿಗೆ ಒಂದು ಒಡಲು ನೀರು ಬಿಟ್ಟು ಎದ್ದಿತೋ, ಬೋಟಿನ ತಡೆಯುವ ಶಕ್ತಿ ತುದಿ ಮುಟ್ಟಿತು ಅಂತಲೇ ಲೆಕ್ಕ. ಅಲ್ಲಿಂದ ಮುಂದೆ ಎದ್ದಷ್ಟೂ ಶಕ್ತಿ ಇಳಿಯುತ್ತೆ. ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟು. 2013ರ ಮೇ 9ರಂದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ, ಅಮೆರಿಕಾಸ್ ಕಪ್ ಪಂದ್ಯಕ್ಕೆ ಅಭ್ಯಾಸ ನಡೆಸಿದ್ದ 72 ಅಡಿಯ ಕಟಮರಾನ್ ಮಗುಚಿ ಆಂಡ್ರ್ಯೂ ಸಿಂಪ್ಸನ್ ಸತ್ತರು. ಒಲಿಂಪಿಕ್ ಚಿನ್ನ ಗೆದ್ದಿದ್ದ ನಾವಿಕ, ಹೊಸಬರಲ್ಲ.

ನಮ್ಮ ಪ್ರವಾಸಿ ಬೋಟುಗಳಿಗೆ ಹಾಯಿ ಎಲ್ಲಿದೆ ಅನ್ನಬಹುದು. ಹಾಯಿಯ ಕೆಲಸ ಜನವೇ ಮಾಡುತ್ತಾರಲ್ಲ! ಡಾಲ್ಫಿನ್ ಕಂಡಿತು ಅಂತ ಎಲ್ಲರೂ ಒಂದೇ ಮಗ್ಗುಲಿಗೆ ನುಗ್ಗೋದು, ಫೋಟೋಗೆಂದು ಮೇಲಿನ ಅಟ್ಟ ಹತ್ತೋದು. ಇನ್ನು ಒಂದು ಒಡಲಿಗೆ ಮೆಲ್ಲಗೆ ನೀರು ಸೇರುತ್ತಿದ್ದರೆ ಅಟ್ಟದ ಮೇಲೆ ಕೂತವರಿಗೆ ಹೇಗೆ ಗೊತ್ತಾಗಬೇಕು?

2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಎರಡಂತಸ್ತಿನ ಬೋಟು ಮಗುಚಿ 22 ಜನ. ಇವು ಕಟಮರಾನ್ ಕತೆಗಳಲ್ಲ. ಆದರೆ ಎರಡೂ ಕಡೆ ಕೇಳಿಬಂದ ದೂರು ಒಂದೇ: ಮಿತಿ ಮೀರಿ ಜನ.

ಬಸ್ಸಿನಲ್ಲಿ ಸೀಟಿನ ಲೆಕ್ಕ ಬರೆದಿರುತ್ತೆ. ಬೋಟಿನ ಬಾಗಿಲಲ್ಲೂ ಕೆಳಗೆಷ್ಟು, ಮೇಲೆಷ್ಟು ಅಂತ ದಪ್ಪ ಕನ್ನಡ ಅಕ್ಷರದಲ್ಲಿ ಬರೆಸಲಿ. ಟಿಕೇಟು ಹರಿಯುವ ಕೈಯೇ ತಲೆ ಎಣಿಸಲಿ. ದಿನಾ ಬೆಳಿಗ್ಗೆ ಎರಡೂ ಒಡಲುಗಳ ಮುಚ್ಚಳ ತೆಗೆದು ನೀರು ನೋಡಲಿ. ಲೈಫ್ ಜಾಕೆಟ್ಟು ಮೂಲೆಯ ರಾಶಿಯಲ್ಲಲ್ಲ, ಮೈಮೇಲೆ ಇರಲಿ. ಬಂದರು ಇಲಾಖೆಯವರು ಇದನ್ನು ಮುಂದಿನ ರಜೆಯ ನೂಕುನುಗ್ಗಲಿಗೆ ಮುಂಚೆಯೇ ಮಾಡಿಸಬೇಕು.