ಬೆನ್ನ ಮೇಲಿನ ಚೀಲ ಯಾರದು?

ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನಮ್ಮ ಸಿದ್ದಾಪುರದ ಹುಡುಗನೊಬ್ಬ ಬೆನ್ನಿಗೊಂದು ಚೀಲ ಹಾಕಿಕೊಂಡು ಬ್ಯಾಂಕಾಕಿಗೆ ಹೋಗಿ ಬಂದ. ಊರಿಗೆ ಬಂದವನು ಮೊಬೈಲಿನಲ್ಲಿ ಖಾವೊ ಸಾನ್ ರಸ್ತೆಯ ಚಿತ್ರಗಳನ್ನು ತೋರಿಸಿದ. ಕಾಲಿಡಲು ಜಾಗವಿಲ್ಲದಷ್ಟು ಜನ, ತಳ್ಳುಗಾಡಿಯ ತಿಂಡಿ, ಅಗ್ಗದ ಕೋಣೆಗಳು, ನಡುರಾತ್ರಿಯಲ್ಲೂ ಆರದ ದೀಪಗಳು. “ಕಾಕಾ, ನಮ್ಮ ಆನೆಗೊಂದಿಯಾಗೂ ಹಿಂಗೊಂದು ಓಣಿ ಆದ್ರ ಜಿಲ್ಲಾನ ಉದ್ಧಾರ ಆಗ್ತೈತಿ ನೋಡ್ರಿ” ಎಂದ.

ಖಾವೊ ಸಾನ್ ಎಂದರೆ ಥಾಯ್ ಭಾಷೆಯಲ್ಲಿ ಅಕ್ಕಿ. ಅದು ಹಿಂದೆ ಅಕ್ಕಿ ವ್ಯಾಪಾರದ ಬೀದಿ. 1980ರ ದಶಕದಲ್ಲಿ ಅಲ್ಲಿ ಪ್ರವಾಸಿಗರ ಕೋಣೆಗಳು ತಲೆಯೆತ್ತಿದವು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು, ಭತ್ತ ಬೆಳೆದು ಬದುಕುವ ಸೀಮೆಯಿಂದ ಹೋದ ಈ ಹುಡುಗನಿಗೆ ತಾನು ನಿಂತದ್ದು ಅಕ್ಕಿಯ ಬೀದಿಯಲ್ಲಿ ಎಂಬುದೇ ತಿಳಿಯಲಿಲ್ಲ. ಬ್ಯಾಂಕಾಕಿನ ಕಟ್ಟಡಗಳನ್ನು ಕಟ್ಟುವವರಲ್ಲಿ ಬರ್ಮಾ, ಕಾಂಬೋಡಿಯಾಗಳಿಂದ ಹೊಟ್ಟೆಪಾಡಿಗೆ ಬಂದವರು ಬಹಳ ಮಂದಿ ಎಂಬುದೂ ಅವನ ಚಿತ್ರಗಳಲ್ಲಿ ಇರಲಿಲ್ಲ.

ನನ್ನ ತಕರಾರು ಪ್ರವಾಸದ ಬಗ್ಗೆ ಅಲ್ಲ. 1443ರಲ್ಲಿ ಹೆರಾತಿನಿಂದ ರಾಯಭಾರಿಯಾಗಿ ಬಂದ ಅಬ್ದುರ್ರಝಾಕ್ ವಿಜಯನಗರದ ಬಜಾರುಗಳನ್ನು ಕಣ್ಣಾರೆ ಕಂಡು ಬರೆದಿಟ್ಟ. ಪರದೇಶಿಯ ಕಣ್ಣಿನಿಂದ ನಮ್ಮ ನೆಲದ ಚರಿತ್ರೆ ನಮಗೇ ದಕ್ಕಿತು. ಪ್ರವಾಸಿ ಬರಲಿ, ಬರಲೇಬೇಕು. ಆದರೆ ಚೀಲ ಹೊತ್ತವರೆಲ್ಲ ನಮಗೆ ಒಂದೇ ಆಗಿ ಕಾಣುತ್ತಾರೆಯೇ?

ಅವನು ಬಯಸುವ ಓಣಿ ನಮ್ಮಲ್ಲೂ ಇತ್ತು. ಹಂಪಿಯ ಎದುರು ದಡದ ವಿರೂಪಾಪುರ ಗಡ್ಡಿಯಲ್ಲಿ ವಿದೇಶಿ ತರುಣ ತರುಣಿಯರು ವಾರಗಟ್ಟಲೆ ತಂಗುತ್ತಿದ್ದರು. ಅಲ್ಲಿನ ಕಟ್ಟಡಗಳು ಅಕ್ರಮ ಎಂಬ ಹೈಕೋರ್ಟಿನ ತೀರ್ಪನ್ನು 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮಾರ್ಚ್ ಮೊದಲ ವಾರ ಯಂತ್ರಗಳು ಬಂದವು. ಪರಂಪರೆಯ ರಕ್ಷಣೆ ಬೇಡವೆನ್ನುವವರು ಯಾರೂ ಇಲ್ಲ. ಆದರೆ ಅಲ್ಲಿ ಪಾತ್ರೆ ತೊಳೆದವರು, ಅಡುಗೆ ಮಾಡಿದವರು, ಆಟೋ ಓಡಿಸಿದವರು ಮರುದಿನ ಏನು ಉಣ್ಣಬೇಕೆಂದು ಎಷ್ಟು ಜನ ಕೇಳಿದೆವು?

ಅದೇ ತಿಂಗಳ ಕೊನೆಗೆ ದೇಶಕ್ಕೆ ಬೀಗ ಬಿತ್ತು. ಯಲಬುರ್ಗಾ, ಕುಷ್ಟಗಿಯ ಒಣಭೂಮಿಯಿಂದ ಗುಳೆ ಹೋದವರ ಪಾಡು ಆಗ ಎಲ್ಲರಿಗೂ ಕಂಡಿತು. ಅವರ ತಲೆ ಮೇಲೂ ಚೀಲವಿತ್ತು. ವಿದೇಶಿಯ ಚೀಲಕ್ಕೆ ‘ಅತಿಥಿ’ ಎಂದ ನಾವು ಇವರ ಚೀಲಕ್ಕೆ ‘ಸೋಂಕು’ ಎಂದು ಹೆಸರಿಟ್ಟೆವು. ಹಳ್ಳಿಗಳ ದಾರಿಗೆ ಮುಳ್ಳು ಹಚ್ಚಿದೆವು. ಪ್ರವಾಸಿಗರನ್ನು ಕೈಬೀಸಿ ಕರೆಯುವ ಗೋವೆಯಲ್ಲಿ 2004ರ ಜೂನ್‌ನಲ್ಲಿ ಬೈನಾ ಕಡಲತೀರದ ಗುಡಿಸಲುಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಕನ್ನಡಿಗ ಕೂಲಿಕಾರರೂ ಇದ್ದರು. ಕಡಲು ನೋಡಲು ಬಂದವನಿಗೆ ಜಾಗವುಂಟು, ಕಡಲೂರಿನಲ್ಲಿ ಕೂಲಿ ಮಾಡಲು ಬಂದವನಿಗೆ ಇಲ್ಲ!

ಹಾಗಾದರೆ ಹಣ ತರುವ ಅತಿಥಿಯನ್ನಾದರೂ ನಾವು ಮನುಷ್ಯರೆಂದು ಕಂಡೆವೇ? 2025ರ ಮಾರ್ಚ್‌ನಲ್ಲಿ ಸಾಣಾಪುರದ ಕಾಲುವೆ ದಂಡೆಯಲ್ಲಿ ವಿದೇಶಿ ಪ್ರವಾಸಿ ಮಹಿಳೆಯೊಬ್ಬರ ಮೇಲೆ, ಅವರಿಗೆ ಆಶ್ರಯ ಕೊಟ್ಟಿದ್ದ ಮಹಿಳೆಯ ಮೇಲೆ ಅತ್ಯಾಚಾರ ನಡೆಯಿತು. ಜೊತೆಗಿದ್ದ ಒಡಿಶಾದ ತರುಣ ಕಾಲುವೆಯ ಪಾಲಾದ. ಆಗ ನಮ್ಮ ಕಟ್ಟೆಗಳ ಮೇಲೆ ಕೇಳಿದ ಮಾತೇನು? “ರಾತ್ರ್ಯಾಗ ಅವರು ಅಲ್ಲಿಗ್ಯಾಕ ಹೋಗಬೇಕಿತ್ತು?” ನಮ್ಮ ನೆಲದಲ್ಲಿ ನಡೆದ ಪಾತಕಕ್ಕೆ ನೊಂದವರನ್ನೇ ಹೊಣೆ ಮಾಡುವ ಈ ಪ್ರಶ್ನೆಗೆ ನಾಚಿಕೆ ಬೇಡವೇ?

ಒಬ್ಬನನ್ನು ದುಡ್ಡಿನ ಗಂಟೆಂದು, ಇನ್ನೊಬ್ಬನನ್ನು ಹೊರೆಯೆಂದು ಕಾಣುವ ಈ ರೋಗಕ್ಕೆ ಹೊಸ ಓಣಿ ಮದ್ದಲ್ಲ. ಪಾರಂಪರಿಕ ವಲಯದ ಹೊರಗೆ, ಕಾನೂನಿನ ಒಳಗೆ, ಸ್ಥಳೀಯರೇ ಪ್ರವಾಸಿಗರಿಗೆ ತಂಗಲು ಮನೆ ಕೊಡುವಂತಾಗಲಿ. ಅಲ್ಲಿ ದುಡಿಯುವವರಿಗೆ ನ್ಯಾಯವಾದ ಕೂಲಿ ಸಿಗಲಿ. ಕಾಲುವೆ ದಂಡೆಗೆ ಬೆಳಕು ಮತ್ತು ಕಾವಲು ಬರಲಿ. ಗುಳೆ ಹೋಗುವವರ ಮಕ್ಕಳು ಊರಲ್ಲೇ ಉಳಿದು ಓದಲು ವಸತಿ ಶಾಲೆಯ ಬಾಗಿಲು ತೆರೆಯಲಿ.

ಆ ಹುಡುಗನಿಗೆ ನಾನು ಹೇಳಿದ್ದಿಷ್ಟು: “ಮುಂದಿನ ಸಲ ಹೋದಾಗ ನಿನ್ನ ಕೋಣೆ ಗುಡಿಸಿದವರು ಯಾವ ಊರಿನವರು ಅಂತ ಕೇಳಿಕೊಂಡು ಬಾ. ಅದಕ್ಕೂ ಮೊದಲು ಬೆಂಗಳೂರಿನಲ್ಲಿ ನಿನ್ನ ಆಫೀಸು ಕಟ್ಟಿದವರಲ್ಲಿ ನಮ್ಮ ಕುಷ್ಟಗಿ ಕಡೆಯವರು ಎಷ್ಟು ಜನ ಅನ್ನೋದನ್ನ ವಿಚಾರಿಸು.”