ಬೈಗುಳ ತೆಗೆದ್ರೆ ರ‍್ಯಾಪ್ ಸಪ್ಪೆ ಆಗುತ್ತಾ?

ಈ ಸಲ ಫೆಸ್ಟ್‌ನಲ್ಲಿ ಕನ್ನಡ ರ‍್ಯಾಪ್ ಬ್ಯಾಟಲ್ ಇಡೋಣ ಅಂತ ಕ್ಲಬ್ ಮೀಟಿಂಗ್‌ನಲ್ಲಿ ಮಾತು ಬಂತು. ಬೈಗುಳಕ್ಕೆ ಅವಕಾಶ ಇರಬೇಕಾ ಬೇಡ್ವಾ ಅನ್ನೋದರಲ್ಲೇ ಅರ್ಧ ಗಂಟೆ ಹೋಯ್ತು. 'ಬೈಗುಳ ಇಲ್ಲ ಅಂದ್ರೆ ಅದು ಭಾವಗೀತೆ ಸ್ಪರ್ಧೆ ಕಣ್ರೋ' ಅಂದವರೂ ಇದ್ರು. ಅವರಿಗೆ ನಮ್ಮ ಉತ್ತರ: ಸ್ವಲ್ಪ ಜುರಾಸಿಕ್ ಫೈವ್ ಕೇಳಿ.

ಹೆಸರಲ್ಲಿ ಐದು, ಇರೋದು ಆರು ಜನ. ಅದನ್ನ ಅವರನ್ನೇ ಕೇಳಬೇಕು! ಚಾಲಿ ಟೂನಾ, ಅಕಿಲ್, ಜಾಕಿರ್, ಮಾರ್ಕ್ ಸೆವೆನ್ ಹಾಡೋರು. ಕಟ್ ಕೆಮಿಸ್ಟ್, ನು-ಮಾರ್ಕ್ ಡಿಜೆಗಳು. 1993ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಎರಡು ಗುಂಪು ಸೇರಿ ಹುಟ್ಟಿದ ತಂಡ ಇದು. ಅವರು ಒಬ್ಬರಿಗೊಬ್ಬರು ಸಿಕ್ಕಿದ್ದು ಗುಡ್ ಲೈಫ್ ಅನ್ನೋ ಜಾಗದಲ್ಲಿ. ಅದು ಪಬ್ ಅಲ್ಲ, ಕ್ಲಬ್ ಅಲ್ಲ, ಆರೋಗ್ಯಕ್ಕೆ ಒಳ್ಳೇದಾದ ತಿಂಡಿ-ಪದಾರ್ಥ ಮಾರೋ ಅಂಗಡಿ! ಅಲ್ಲಿ ಗುರುವಾರ ರಾತ್ರಿ ಯಾರು ಬೇಕಾದ್ರೂ ಮೈಕ್ ಹಿಡೀಬಹುದಿತ್ತು. ಷರತ್ತು ಏನಂದ್ರೆ, ಕೆಟ್ಟ ಮಾತು ಆಡೋ ಹಾಗಿಲ್ಲ. ಚೆನ್ನಾಗಿಲ್ಲ ಅಂದ್ರೆ ಕೇಳೋರೆಲ್ಲ ಸೇರಿ 'ದಯವಿಟ್ಟು ಮೈಕ್ ಬೇರೆಯವರಿಗೆ ಕೊಡಿ' ಅಂತ ಕೂಗ್ತಿದ್ರು. ಇಷ್ಟು ಮರ್ಯಾದೆಯಾಗಿ ಮರ್ಯಾದೆ ತೆಗೆಯೋದು ನಮ್ಮ ಹಾಸ್ಟೆಲ್‌ನಲ್ಲೂ ಯಾರಿಗೂ ಬರಲ್ಲ.

ಆಗಿನ ಕಾಲ ಹೇಗಿತ್ತು ನೋಡಿ. ಲಾಸ್ ಏಂಜಲೀಸ್ ಅಂದ್ರೆ ಗ್ಯಾಂಗ್‌ಸ್ಟಾ ರ‍್ಯಾಪ್. 1996ರಲ್ಲಿ ಟೂಪಾಕ್ ಗುಂಡೇಟಿಗೆ ಸತ್ತ, 1997ರಲ್ಲಿ ಬಿಗ್ಗಿ ಇದೇ ಊರಿನ ಬೀದಿಯಲ್ಲಿ ಸತ್ತ. ಅದೇ 1997ರಲ್ಲಿ ಈ ಆರು ಜನರ ಇ.ಪಿ. ಬಂತು. ಇಪ್ಪತ್ತು ವರ್ಷ ಹಿಂದಿನ ನ್ಯೂಯಾರ್ಕ್ ಪಾರ್ಟಿಯ ಸದ್ದು ಅದರಲ್ಲಿತ್ತು. ಒಬ್ಬ ಅರ್ಧ ಸಾಲು ಹೇಳ್ತಾನೆ, ಇನ್ನೊಬ್ಬ ಮುಗಿಸ್ತಾನೆ, ಕೊನೆ ಪದಕ್ಕೆ ನಾಲ್ಕೂ ಜನ ಒಂದೇ ಬಾಯಿ. ನಮ್ಮ ಗೀಗೀ ಪದದಲ್ಲಿ ಹಿಮ್ಮೇಳ ಬಂದು ಸಾಲನ್ನ ಎತ್ತಿಕೊಳ್ಳುತ್ತಲ್ಲ, ಕೇಳಿದ್ದರೆ ಥಟ್ ಅಂತ ಅರ್ಥ ಆಗುತ್ತೆ. ನಡುವೆ ಚಾಲಿ ಟೂನಾ ಬಾವಿಯೊಳಗಿಂದ ಬಂದ ಹಾಗಿರೋ ದನಿಯಲ್ಲಿ ಶುರು ಮಾಡಿದ್ರೆ ಹೆಡ್‌ಫೋನೇ ನಡುಗುತ್ತೆ.

ಡಿಜೆಗಳದ್ದೂ ಹಳೇ ವಿದ್ಯೆ. ಒಂದೇ ಹಾಡಿನ ಎರಡು ರೆಕಾರ್ಡ್ ಇಟ್ಟು, ಬರೀ ಡ್ರಮ್ ಇರೋ ತುಣುಕನ್ನ ಕೈಯಿಂದ ಹಿಂದಕ್ಕೆ ತಿರುಗಿಸಿ, ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಹಾರೋದು. 1973ರಲ್ಲಿ ಬ್ರಾಂಕ್ಸ್‌ನಲ್ಲಿ ಕೂಲ್ ಹರ್ಕ್ ಹಾಕಿಕೊಟ್ಟ ದಾರಿ. ಲ್ಯಾಪ್‌ಟಾಪ್‌ನಲ್ಲಿ ಲೂಪ್ ಮಾಡೋದು ಎರಡು ಕ್ಲಿಕ್ ಕೆಲಸ, ಒಪ್ತೀವಿ. ಆದ್ರೆ ಇಲ್ಲಿ ಕೈ ತಪ್ಪಿದ್ರೆ ಇಡೀ ಹಾಲ್‌ಗೆ ಗೊತ್ತಾಗುತ್ತೆ. ಮಜಾ ಇರೋದೇ ಅಲ್ಲಿ.

ಇವರಲ್ಲಿ ಕೊರತೆ ಇಲ್ವಾ? ಇದೆ. 'ನಾವು ಎಷ್ಟು ಚೆನ್ನಾಗಿ ರ‍್ಯಾಪ್ ಮಾಡ್ತೀವಿ' ಅನ್ನೋ ವಿಷಯದ ಮೇಲೇ ಸುಮಾರು ಹಾಡು ಬರೆದಿದ್ದಾರೆ. ನಾಲ್ಕು ಜನ ಒಟ್ಟಿಗೆ ಹೇಳೋವಾಗ ಒಬ್ಬನ ಸ್ವಂತ ನೋವಿಗೆ ಜಾಗ ಕಮ್ಮಿ. 2006ರ 'ಫೀಡ್‌ಬ್ಯಾಕ್' ಆಲ್ಬಮ್ ಹೊತ್ತಿಗೆ ಕಟ್ ಕೆಮಿಸ್ಟ್ ಇರಲಿಲ್ಲ, ರೇಡಿಯೋಗೆ ಒಗ್ಗೋ ಹಾಗೆ ಹಾಡೋಕೆ ಹೋಗಿ ನಮ್ಮ ಪ್ರಕಾರ ಸಪ್ಪೆ ಆಗಿದ್ದು ಅದೇ. 2007ರಲ್ಲಿ ತಂಡ ಒಡೀತು, 2013ರಲ್ಲಿ ಮತ್ತೆ ಒಂದೇ ವೇದಿಕೆಗೆ ಬಂದ್ರು.

ಸರಿ, ನಮ್ಮ ವಿಷಯಕ್ಕೆ ಬರೋಣ. ನಮ್ಮಲ್ಲಿ ಬಹಳ ಜನ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ತಡವರಿಸದೆ ಬರೋದು ಅಂದ್ರೆ ಬೈಗುಳವೇ. ಅದನ್ನ ತೆಗೆದ್ರೆ ಪ್ರಾಸಕ್ಕೆ ಎಷ್ಟು ಪದ ಉಳಿಯುತ್ತೆ? 'ಮಗಾ'ಗೆ 'ಜಗ' ಬಿಟ್ರೆ ಇನ್ನೇನಿದೆ ಅಂತ ಹುಡುಕಬೇಕಾಗುತ್ತೆ, ಅಜ್ಜಿಗೆ ಫೋನ್ ಮಾಡಬೇಕಾಗುತ್ತೆ. ಬೈಗುಳ ಬೇಕೇ ಬೇಕು ಅನ್ನೋರಿಗೆ ಭಯ ಇರೋದು ಇದಕ್ಕೇ ಅಂತ ನಮ್ಮ ಅನುಮಾನ.

ಹಾಗಾಗಿ ನಮ್ಮ ಪ್ರಸ್ತಾವ: ಒಬ್ಬೊಬ್ಬರೇ ಬೇಡ, ನಾಲ್ಕು ಜನರ ತಂಡ. ಯೂಟ್ಯೂಬ್ ಬೀಟ್ ಬೇಡ, ಬೀಟ್‌ಬಾಕ್ಸ್ ಆಗಲಿ ತಮಟೆ ಆಗಲಿ, ಅಲ್ಲೇ ನುಡಿಸಬೇಕು. ಬೈಗುಳ ಇಲ್ಲ. ಬೋರ್ ಹೊಡೆಸಿದ್ರೆ 'ಮೈಕ್ ಕೊಡಪ್ಪಾ ತಂದೆ' ಅಂತ ಕೂಗೋ ಹಕ್ಕು ಕೇಳೋರಿಗೆ ಇರಲಿ. ಒಪ್ಪದವರು ಮುಂದಿನ ಮೀಟಿಂಗ್‌ಗೆ ಬಂದು ವಾದ ಮಾಡಿ, ಪ್ರಾಸದಲ್ಲಿ ಮಾಡಿದ್ರೆ ಇನ್ನೂ ಖುಷಿ.