ಶಾಕ್ ಅಬ್ಸಾರ್ಬರು: ಗಡುಸಾದುದೆಲ್ಲ ಒಳ್ಳೆಯದೆ?

ಕೊಲ್ಲೂರಿನಿಂದ ಕೊಡಚಾದ್ರಿಗೆ ಜೀಪಿನಲ್ಲಿ ಹೋಗಿಬಂದವರು ಬೆಟ್ಟದ ಸೊಬಗನ್ನು ಮರೆತರೂ ದಾರಿಯ ಕುಲುಕಾಟವನ್ನು ಮರೆಯಲಾರರು. ಕಲ್ಲು ಕೊರಕಲುಗಳ ಹಾದಿಯಲ್ಲಿ ಕುಲುಕಾಟ ಪೂರ್ತಿ ತಪ್ಪದು, ನಿಜ. ಆದರೆ ಇಂತಹ ದಾರಿಗೆ 'ಎಲ್ಲಕ್ಕಿಂತ ಗಡುಸಾದ' ಶಾಕ್ ಅಬ್ಸಾರ್ಬರೇ ತಕ್ಕುದೆಂದು ನಂಬಿ ಕೊಳ್ಳುವವರು, ತಪ್ಪಿಸಬಹುದಾದ ನೋವನ್ನೂ ಹಣ ಕೊಟ್ಟು ತರುತ್ತಾರೆಂಬುದು ನಮ್ಮ ಅಭಿಪ್ರಾಯ.

ಹೆಸರೇ ನಮ್ಮನ್ನು ದಾರಿ ತಪ್ಪಿಸಿದೆ. ಶಾಕ್ ಅಬ್ಸಾರ್ಬರೆಂದರೆ ಆಘಾತವನ್ನು ಹೀರುವ ಸಾಧನವೆಂದು ಅರ್ಥ. ವಾಸ್ತವವಾಗಿ ಗಾಲಿ ಕಲ್ಲನ್ನು ಹತ್ತಿದಾಗ ಏಟನ್ನು ಮೊದಲು ತಾಳುವವು ಟೈರು ಮತ್ತು ಸ್ಪ್ರಿಂಗು. ಆದರೆ ಅದುಮಿದ ಸ್ಪ್ರಿಂಗು ತಾನು ಪಡೆದ ಶಕ್ತಿಯನ್ನು ಹಿಂದಿರುಗಿಸದೆ ಬಿಡದು. ತಡೆಯಿಲ್ಲದಿದ್ದರೆ ವಾಹನವು ತೊಟ್ಟಿಲಿನಂತೆ ತೂಗುತ್ತಲೇ ಇರುವುದು. ಈ ಆಂದೋಲನವನ್ನು ಅಡಗಿಸುವುದೇ ಶಾಕ್ ಅಬ್ಸಾರ್ಬರಿನ ಕೆಲಸ. ಎಣ್ಣೆ ತುಂಬಿದ ಅದರ ಕೊಳವೆಯಲ್ಲಿ ಪಿಸ್ಟನ್ನು ಚಲಿಸಿದಾಗ, ಎಣ್ಣೆಯು ಕಿರಿದಾದ ರಂಧ್ರಗಳ ಮೂಲಕ ನುಸುಳಬೇಕಾಗುವುದು. ಚಲನೆಯ ಶಕ್ತಿ ಶಾಖವಾಗಿ ಗಾಳಿಯನ್ನು ಸೇರುವುದು. ಈ ಶಕ್ತಿ ಅಲ್ಪವಲ್ಲ. 1500 ಕಿಲೋಗ್ರಾಂ ತೂಕದ ವಾಹನ 10 ಸೆಂಟಿಮೀಟರು ಕುಸಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 1470 ಜೌಲು. ಇಂತಹ ನೂರು ಕುಸಿತಗಳ ಶಕ್ತಿ ಒಂದು ಲೀಟರು ನೀರನ್ನು 35 ಡಿಗ್ರಿ ಸೆಂಟಿಗ್ರೇಡಿನಷ್ಟು ಬಿಸಿಮಾಡಬಲ್ಲುದು!

ಹಾಗಾದರೆ ತಡೆ ಹೆಚ್ಚಿದಷ್ಟೂ ಒಳ್ಳೆಯದಲ್ಲವೆ ಎಂದು ವಿದ್ಯಾರ್ಥಿ ಮಿತ್ರರು ಕೇಳಬಹುದು. ಅಲ್ಲ. ಪಿಸ್ಟನ್ನಿನ ವೇಗ ಹೆಚ್ಚಿದಂತೆ ಎಣ್ಣೆಯ ತಡೆಯೂ ಹೆಚ್ಚುತ್ತದೆ. ಕಲ್ಲಿನ ಏಟಿಗೆ ಗಾಲಿ ಥಟ್ಟನೆ ಮೇಲೆದ್ದಾಗ, ಬಹು ಗಡುಸಾದ ಸಾಧನದಲ್ಲಿ ಎಣ್ಣೆಗೆ ನುಸುಳಲು ವ್ಯವಧಾನವೇ ಇರದು. ಆಗ ಅದು ಸ್ಪ್ರಿಂಗಿನ ಪಕ್ಕದಲ್ಲಿ ನಿಲ್ಲಿಸಿದ ಉಕ್ಕಿನ ಸಲಾಕೆಯಂತಾಗಿ ಏಟನ್ನು ನೇರವಾಗಿ ಆಸನಕ್ಕೆ ಒಯ್ಯುವುದು. ಗಾಲಿ ಕೆಳಗಿಳಿಯುವಾಗಿನ ತಡೆ ಅತಿಯಾದರೂ ಕೇಡೇ. ಒಂದು ಗುಂಡಿಯಿಂದ ಚೇತರಿಸಿಕೊಳ್ಳುವ ಮೊದಲೇ ಮುಂದಿನ ಉಬ್ಬು ಬಂದು, ಸ್ಪ್ರಿಂಗು ಅದುಮಿಕೊಂಡೇ ಉಳಿಯುವುದು. ಆಂದೋಲನವೇ ಆಗದಂತೆ ಮಾಡಲು ಬೇಕಾದ ಕನಿಷ್ಠ ತಡೆಯನ್ನು ಎಂಜಿನಿಯರುಗಳು ನಿರ್ಣಾಯಕ ತಡೆಯೆಂದು ಕರೆಯುವರು. ಸಾಮಾನ್ಯ ಕಾರುಗಳಲ್ಲಿ ಇದರ ಐದರಲ್ಲೊಂದು ಪಾಲಿನಿಂದ ಐದರಲ್ಲೆರಡು ಪಾಲಿನಷ್ಟನ್ನು ಮಾತ್ರ ಇಡುವುದು ವಾಡಿಕೆ. ಸುಖವು ಅತಿಯಲ್ಲಿಲ್ಲ, ಹದದಲ್ಲಿದೆ.

ಮನುಷ್ಯದೇಹದ ಸ್ವಭಾವವನ್ನೂ ಇಲ್ಲಿ ನೆನೆಯಬೇಕು. ಕುಳಿತವರನ್ನು ಹೆಚ್ಚಾಗಿ ಪೀಡಿಸುವುದು ಸೆಕೆಂಡಿಗೆ ಸುಮಾರು 4ರಿಂದ 8 ಸಲ ಮೇಲೆ ಕೆಳಗೆ ಆಡುವ ಕಂಪನ. ಸಾಮಾನ್ಯ ಕಾರು ತನ್ನ ಸ್ಪ್ರಿಂಗುಗಳ ಮೇಲೆ ಸೆಕೆಂಡಿಗೆ ಒಂದು ಒಂದೂವರೆ ಸಲ ಮಾತ್ರ ತೂಗುವುದು. ಮಿತಿಮೀರಿದ ತಡೆಯು ಈ ನಿಧಾನದ ತೂಗಾಟವನ್ನು ಅಡಗಿಸಿದರೂ ದೇಹಕ್ಕೆ ಹೆಚ್ಚು ಒಗ್ಗದ ಚುರುಕು ಕಂಪನವನ್ನು ಒಳಕ್ಕೆ ಬಿಟ್ಟುಕೊಡುವುದು.

'ತುಂಬ ಜನರನ್ನು ಹೊರುವ ಜೀಪಿಗೆ ಮೆತ್ತನೆಯದು ಸಾಲದು' ಎಂದು ಚಾಲಕರು ವಾದಿಸುವರು. ಅವರ ಮಾತಿನಲ್ಲಿ ಸತ್ಯಾಂಶವಿದೆ. ಭಾರ ಹೆಚ್ಚಿದರೆ ತಡೆಯೂ ತಕ್ಕಷ್ಟು ಹೆಚ್ಚಬೇಕು. ಆದರೆ ಭಾರವನ್ನು ಹೊರುವುದು ಸ್ಪ್ರಿಂಗೇ ಹೊರತು ಶಾಕ್ ಅಬ್ಸಾರ್ಬರಲ್ಲ. ಹಿಂಭಾಗ ಕುಸಿದ ವಾಹನಕ್ಕೆ ಮೊದಲು ಸ್ಪ್ರಿಂಗನ್ನು ಸರಿಪಡಿಸಿ, ಅನಂತರ ಅದಕ್ಕೆ ಒಪ್ಪುವ ತಡೆಯನ್ನು ಆರಿಸುವುದೇ ಕ್ರಮ. ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗಾದರೆ, ಪಟ್ಟಿಗಳ ಪರಸ್ಪರ ಘರ್ಷಣೆಯೇ ಒಂದಿಷ್ಟು ತಡೆಯನ್ನು ಒದಗಿಸುವುದೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇನ್ನು ಬಗೆಗಳ ಮಾತು. ಒಂದೇ ಕೊಳವೆಯ, ಅನಿಲದ ಒತ್ತಡವುಳ್ಳ ಸಾಧನವನ್ನು 1950ರ ದಶಕದಲ್ಲಿ ಫ್ರಾನ್ಸಿನ ದ ಕಾರ್ಬನ್ ಅವರು ಬಳಕೆಗೆ ತಂದರು. ಅದರ ಎಣ್ಣೆ ಬೇಗ ತಣ್ಣಗಾಗುವುದು, ನೊರೆಗಟ್ಟುವುದೂ ಕಡಿಮೆ. ಮರುಭೂಮಿಯಲ್ಲಿ ವೇಗವಾಗಿ ಓಡುವವರಿಗೆ ಇದು ದೊಡ್ಡ ಅನುಕೂಲ. ಆದರೆ ಕಲ್ಲು ತಗುಲಿ ಕೊಳವೆ ತಗ್ಗಾದರೆ ಪಿಸ್ಟನ್ನು ಸಿಕ್ಕಿಕೊಳ್ಳುವುದು. ಜೋಡಿ ಕೊಳವೆಯ ಸಾಧನದಲ್ಲಿ ಹೊರಕೊಳವೆ ಸ್ವಲ್ಪ ನೆಗ್ಗಿದರೂ ಕೆಲಸ ನಡೆಯುವುದು, ಬೆಲೆಯೂ ಕಡಿಮೆ. ನಡಿಗೆಯ ವೇಗದಲ್ಲಿ ಬೆಟ್ಟ ಹತ್ತುವ ಜೀಪಿಗೆ ಇದೇ ಸಾಕೆಂದು ನಮಗೆ ತೋರುತ್ತದೆ. ಯಾವುದೇ ಆಗಲಿ, ಉದ್ದ ಸರಿಯಿರಬೇಕು. ಗಿಡ್ಡವಾದರೆ ಗಾಲಿ ಪೂರ್ತಿ ಇಳಿಯದು. ಉದ್ದವಾದರೆ ಗಾಲಿ ಮೇಲೆದ್ದಾಗ ಪಿಸ್ಟನ್ನು ತಳಕ್ಕೆ ಬಡಿಯುವುದು.

ಅಂಗಡಿಯಲ್ಲಿ 'ಎಲ್ಲಕ್ಕಿಂತ ಗಟ್ಟಿ ಯಾವುದು?' ಎಂದು ಕೇಳುವುದಕ್ಕೆ ಬದಲಾಗಿ 'ನನ್ನ ಸ್ಪ್ರಿಂಗಿಗೆ, ನಾನು ಹೊರುವ ಭಾರಕ್ಕೆ, ನನ್ನ ದಾರಿಗೆ ಯಾವುದು ಒಪ್ಪುವುದು?' ಎಂದು ಕೇಳುವುದು ಲೇಸು. ತೀರ್ಪು ಕೊಡಬೇಕಾದವರು ಮುಂದಿನ ಆಸನದ ಮಾಲೀಕರಲ್ಲ. ಹಿಂದೆ ಅಡ್ಡಬೆಂಚಿನಲ್ಲಿ ಕುಳಿತ ಮುದುಕಿ, ಮತ್ತು ದಿನವೂ ಅದೇ ದಾರಿಯನ್ನು ಹಲವು ಬಾರಿ ಹತ್ತಿಳಿಯುವ ಚಾಲಕ. ಅವರ ಬೆನ್ನಿಗೆ ಹಿತವಾದುದೇ ಒಳ್ಳೆಯ ಶಾಕ್ ಅಬ್ಸಾರ್ಬರು.